ಮಾಲಗಕ್ಕೆ ಒಬ್ರೇ ಹೊರಟಿದ್ರೆ, ಊಟದ ಟೈಮ್ ಒಂದು ನೋಡ್ಕೊಳ್ಳಿ

ಸ್ಪೇನ್ ಅಂದ್ರೆ ನಮ್ಮವರೆಲ್ಲ ಬಾರ್ಸಿಲೋನಾ, ಮ್ಯಾಡ್ರಿಡ್ ನೋಡ್ಕೊಂಡು ಬರ್ತಾರೆ, ದಕ್ಷಿಣದ ಕಡಲತೀರದ ಮಾಲಗ ಅನ್ನೋದು ಇಳಿದು ಬೇರೆ ಕಡೆ ಓಡೋಕಿರೋ ಏರ್‌ಪೋರ್ಟು ಅಷ್ಟೇ ಅಂತ ನಾನೂ ಅಂದ್ಕೊಂಡಿದ್ದೆ. ಒಂದೂವರೆ ದಿನ ಇಟ್ಟಿದ್ದೆ, ಆಮೇಲೆ ಗ್ರನಾಡಾ. ಕೊನೆಗೆ ಐದು ದಿನ ಅಲ್ಲೇ ಕೂತೆ, ಗ್ರನಾಡಾದ ರೂಮಿನ ದುಡ್ಡು ಹೋಯ್ತು, ಅಲ್ಲಿನ ಅಲ್‌ಹಂಬ್ರಾ ಅರಮನೆ ಇವತ್ತಿಗೂ ನೋಡಿಲ್ಲ. ಅದಕ್ಕೇ ಮೊದಲೇ ಹೇಳ್ತೀನಿ, ಕನಿಷ್ಠ ನಾಲ್ಕು ದಿನ ಇಟ್ಕೊಳ್ಳಿ.

ವೀಸಾ ಷೆಂಗೆನ್, ಅಂದ್ರೆ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಫೀ 90 ಯೂರೋ, 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು. ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, ಬೇಸಿಗೆಗೆ ಹೋಗೋರು ಕೊನೆ ತಿಂಗಳವರೆಗೆ ಕಾಯ್ಬೇಡಿ. ಬೆಂಗಳೂರಿಂದ ಡೈರೆಕ್ಟ್ ಫ್ಲೈಟ್ ಇಲ್ಲ, ಎಲ್ಲಾದ್ರೂ ಒಂದ್ಕಡೆ ಬದಲಾಯಿಸ್ಲೇಬೇಕು. ಮ್ಯಾಡ್ರಿಡ್‌ನಲ್ಲಿ ಇಳಿಯೋ ಹಾಗಿದ್ರೆ ಅಲ್ಲಿಂದ ಫಾಸ್ಟ್ ಟ್ರೇನ್ ಇದೆ, ಎರಡೂವರೆ ಮೂರು ಗಂಟೆ. ಇನ್ನೊಂದು, ನಮ್ಮ ಮೂರು ಪಿನ್ನಿನ ಲ್ಯಾಪ್‌ಟಾಪ್ ಪ್ಲಗ್ ಅಲ್ಲಿ ಹೋಗಲ್ಲ, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ಏರ್‌ಪೋರ್ಟಿಂದ ಊರೊಳಗೆ ಹೋಗೋಕೆ ಟ್ಯಾಕ್ಸಿ ಬೇಡ. ಟರ್ಮಿನಲ್ ಪಕ್ಕದಲ್ಲೇ ಸಿ1 ಲೋಕಲ್ ಟ್ರೇನ್ ಇದೆ, ಹನ್ನೆರಡು ಹದಿಮೂರು ನಿಮಿಷಕ್ಕೆ ಕೊನೇ ಸ್ಟಾಪ್ ಸೆಂಟ್ರೊ ಅಲಮೇದಾ, ಇಳಿದ್ರೆ ಊರಿನ ನಡುಮಧ್ಯ. ಆದ್ರೆ ಅದೇ ಲೈನು ಆ ಕಡೆ ಫುವೆಂಹಿರೋಲಾ ಅನ್ನೋ ಊರಿಗೂ ಹೋಗುತ್ತೆ. ನಾನು ನಿದ್ದೆಗಣ್ಣಲ್ಲಿ ಮೊದಲು ಬಂದ ಟ್ರೇನ್ ಹತ್ತಿ ಕೂತೆ, ಯಾಕೋ ಊರು ಸಿಗೋ ಬದಲು ಹೋಟೆಲ್ಲು, ಬೀಚು, ಸನ್‌ಬರ್ನ್ ಆದ ಇಂಗ್ಲಿಷರು ಕಾಣ್ಸೋಕೆ ಶುರುವಾದ್ರು, ನೋಡಿದ್ರೆ ತೊರೆಮೊಲಿನೋಸ್ ಅನ್ನೋ ಬೀಚ್ ಊರು. ಇಳಿದು ಸೂಟ್‌ಕೇಸ್ ಎಳ್ಕೊಂಡು ಪ್ಲಾಟ್‌ಫಾರ್ಮ್ ಬದಲಾಯಿಸಿ ವಾಪಸ್ ಬಂದೆ. ಬೋರ್ಡ್ ಮೇಲೆ ಕೊನೇ ಸ್ಟಾಪಿನ ಹೆಸರು ನೋಡಿ ಹತ್ತಿ. ಟಿಕೆಟ್ ಬಿಸಾಕ್ಬೇಡಿ, ಹೊರಗೆ ಬರೋವಾಗ ಗೇಟಲ್ಲೂ ಬೇಕು.

ಈಗ ಊಟದ ಟೈಮ್ ವಿಷ್ಯ. ಮೊದಲ್ನೇ ದಿನ ರೂಮಲ್ಲಿ ಸ್ನಾನ ಮಾಡಿ ಮಲಗಿ ಎದ್ದು ಐದು ಗಂಟೆಗೆ ಹಸ್ಕೊಂಡು ಹೊರಟ್ರೆ ಒಂದು ಅಡುಗೆಮನೆ ತೆಗೆದಿಲ್ಲ, ಕುರ್ಚಿ ಇದೆ, ಬಿಯರ್ ಇದೆ, ಊಟ ಇಲ್ಲ. ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿದು ಒಂಬತ್ತರ ಮೇಲೆ, ನಡುವೆ ಚಿಕ್ಕ ಅಂಗಡಿಗಳೂ ಶಟರ್ ಎಳೀತಾವೆ. ಜೂನಲ್ಲಿ ಸೂರ್ಯ ಮುಳುಗೋದೇ ಒಂಬತ್ತೂವರೆ ಮೇಲೆ, ಅವರನ್ನ ಬೈದು ಪ್ರಯೋಜನ ಇಲ್ಲ. ಆ ದಿನ ಸೂಪರ್‌ಮಾರ್ಕೆಟ್ ಬನ್ನು ಬಾಳೆಹಣ್ಣಲ್ಲಿ ಕಳೆದೆ. ಎರಡನೇ ದಿನದಿಂದ ನಾನೂ ಮಧ್ಯಾಹ್ನ ಮೂರಕ್ಕೆ ಉಂಡು, ಆರರವರೆಗೆ ನಿದ್ದೆ ಹೊಡೆದು, ಸಂಜೆ ಏಳಕ್ಕೆ ದಿನ ಶುರು ಮಾಡ್ದೆ, ಆಮೇಲೆ ಎಲ್ಲಾ ಸರಿಹೋಯ್ತು. ರಾತ್ರಿ ಒಬ್ರೇ ಓಡಾಡೋಕೆ ಭಯ ಆಗುತ್ತಾ ಅಂತ ಕೇಳೋರಿಗೆ, ಹನ್ನೊಂದು ಗಂಟೆಗೆ ಅಜ್ಜಿಯಂದಿರು ಮೊಮ್ಮಕ್ಕಳನ್ನ ತಳ್ಳುಗಾಡೀಲಿ ಕೂರಿಸ್ಕೊಂಡು ಐಸ್‌ಕ್ರೀಂ ತಿನ್ತಿರ್ತಾರೆ ಅಲ್ಲಿ. ಜೇಬುಗಳ್ಳರ ಬಗ್ಗೆ ಮಾತ್ರ ಗಮನ ಇರ್ಲಿ, ಬೀಚಲ್ಲಿ ಫೋನ್ ಟವೆಲ್ ಮೇಲೆ ಬಿಟ್ಟು ನೀರಿಗಿಳೀಬೇಡಿ, ಒಬ್ರೇ ಹೋದಾಗ ನೋಡ್ಕೊಳ್ಳೋಕೆ ಯಾರೂ ಇರಲ್ಲ.

ಒಬ್ರೇ ಹೋದೋರಿಗೆ ಇನ್ನೊಂದು ಅನ್ಯಾಯ, ಪಾಯೆಯಾ ಥರದ ಅನ್ನದ ಐಟಂ ಬಹಳ ಕಡೆ ಕನಿಷ್ಠ ಇಬ್ಬರಿಗೆ ಅಂತ ಮೆನುವಲ್ಲೇ ಬರೆದಿರ್ತಾರೆ. ಅದನ್ನ ಬಿಟ್ಟು ಎಸ್ಪೇಟೊ ತಿನ್ನಿ. ನಮ್ಮೂರು ಉಡುಪಿ ಕಡೆ, ಬೂತಾಯಿ ಮೀನು (ಸಾರ್ಡೀನ್) ತಿಂದೇ ಬೆಳೆದ ಜೀವ, ಇದರ ಬಗ್ಗೆ ನಂಗೆ ಸ್ವಲ್ಪ ಅಧಿಕಾರ ಇದೆ ಅನ್ಕೊಳ್ಳಿ. ಬೀಚಲ್ಲಿ ಹಳೇ ಸಣ್ಣ ದೋಣೀಲಿ ಮರಳು ತುಂಬಿ ಅದರ ಮೇಲೆ ಕಟ್ಟಿಗೆ ಬೆಂಕಿ, ಅದರ ಪಕ್ಕ ಕಡ್ಡಿಗೆ ಸಾಲಾಗಿ ಪೋಣಿಸಿದ ಆರೇಳು ಬೂತಾಯಿ, ಕಡ್ಡಿ ಓರೆಯಾಗಿ ಮರಳಲ್ಲಿ ಚುಚ್ಚಿರ್ತಾರೆ. ಮಸಾಲೆ ಇಲ್ಲ, ಹುಳಿ ಇಲ್ಲ, ಬರೀ ಕಲ್ಲುಪ್ಪು. ಬೆಂಕಿ ಮುಂದೆ ನಿಂತಿರೋ ಮನುಷ್ಯ ಗಾಳಿ ತಿರುಗಿದ ಹಾಗೆ ಕಡ್ಡಿ ಕಿತ್ತು ಬೇರೆ ಕಡೆ ಚುಚ್ತಾ ಇರ್ತಾನೆ, ಹೊಗೆ ಬಡೀಬಾರ್ದು ಅಂತ. ಮೊದಲು ನಂಗೆ ಮೆಣಸಿಲ್ಲದ ಮೀನಾ ಅನ್ನಿಸ್ತು, ಎರಡನೇ ಕಡ್ಡಿ ಆರ್ಡರ್ ಮಾಡೋವಾಗ ಆ ಮಾತು ಮರೆತೇ ಹೋಗಿತ್ತು. ಕೈಯಲ್ಲೇ ತಿನ್ನಿ, ಅಲ್ಲಿನವರೂ ಹಾಗೇ ತಿನ್ನೋದು. ಮೇಯಿಂದ ಆಗಸ್ಟ್‌ವರೆಗೆ ಮೀನಲ್ಲಿ ಕೊಬ್ಬು ಜಾಸ್ತಿ, ಆಗ್ಲೇ ರುಚಿ. ಸೆಂಟರ್ ಬಿಟ್ಟು 11ನೇ ನಂಬರ್ ಬಸ್ಸಲ್ಲಿ ಪೆದ್ರೆಗಾಲೆಹೊ ಇಲ್ಲಾ ಎಲ್ ಪಾಲೊ ಕಡೆ ಹೋಗಿ, ಹಳೇ ಮೀನುಗಾರರ ಕೇರಿಗಳು.

ಸಸ್ಯಾಹಾರಿಗಳು ಉಪವಾಸ ಬೀಳಲ್ಲ, ಆದ್ರೆ ವೆಜಿಟೇರಿಯನ್ ಅಂದ್ರೆ ಸಾಲದು, ಮಿಕ್ಸ್ಡ್ ಸಲಾಡ್ ಅಂತ ತರಿಸಿದ್ರೆ ಮೇಲೆ ಟ್ಯೂನಾ ಮೀನು ಬಂದು ಕೂತಿರುತ್ತೆ. 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಾಮೋನ್' ಅಂತ ಮೂರೂ ಹೇಳಿ, ಮಾಂಸ, ಮೀನು, ಹಂದಿ ಹ್ಯಾಮ್ ಬೇಡ ಅಂತ. ಬಾದಾಮಿ ಬೆಳ್ಳುಳ್ಳಿ ಅರೆದು ಮಾಡೋ ತಣ್ಣನೆ ಸೂಪು ಆಹೊಬ್ಲಾಂಕೊ, ಮೇಲೆ ದ್ರಾಕ್ಷಿ ಹಾಕಿರ್ತಾರೆ, ಬಿಸಿಲಿಗೆ ಅಮೃತ. ನಂಗೆ ಖುಷಿ ಕೊಟ್ಟಿದ್ದು ಬದನೆಕಾಯಿ, ಹೋಳು ಮಾಡಿ ಹಿಟ್ಟಲ್ಲಿ ಹೊರಳಿಸಿ ಗರಿಗರಿ ಕರಿದು, ಮೇಲೆ 'ಮಿಯೆಲ್ ದೆ ಕಾನ್ಯಾ' ಸುರೀತಾರೆ. ಜೇನು ಅಂತ ಹೆಸರು, ನಾಲಿಗೆಗೆ ಇಟ್ರೆ ಅಪ್ಪಟ ಜೋನಿಬೆಲ್ಲ, ಸ್ವಲ್ಪ ಕಪ್ಪು ಅಷ್ಟೇ! ಕಬ್ಬಿನ ಹಾಲು ಕಾಯಿಸಿದ್ದೇ ಅದೂ, ಹತ್ತಿರದ ಫ್ರಿಹಿಲಿಯಾನಾ ಅನ್ನೋ ಊರಲ್ಲಿ ಈಗ್ಲೂ ಮಾಡ್ತಾರೆ.

ಕಾಫಿಗೆ ಬರೀ ಕಾಫಿ ಅಂತ ಕೇಳಿದ್ರೆ ವೇಟರ್ ಸುಮ್ನೆ ಮುಖ ನೋಡ್ತಾನೆ. ಹಾಲಿನ ಲೆಕ್ಕಕ್ಕೆ ಒಂದೊಂದು ಹೆಸರು ಅಲ್ಲಿ, 'ನೂಬೆ' ಅಂದ್ರೆ ಮೋಡ, ಲೋಟ ತುಂಬ ಹಾಲು ಒಂದು ಹನಿ ಡಿಕಾಕ್ಷನ್ನು, 'ಸೊಂಬ್ರಾ' ಅಂದ್ರೆ ನೆರಳು, ಅದಕ್ಕಿಂತ ಸ್ವಲ್ಪ ಗಟ್ಟಿ, 'ಮಿತಾದ್' ಅರ್ಧಕ್ಕರ್ಧ. ಸ್ಟ್ರಾಂಗು ಲೈಟು ಅಂತ ಜಗಳ ಆಡೋ ನಮಗೆ ಹೇಳಿ ಮಾಡಿಸಿದ ಊರು.

ನೋಡೋ ಜಾಗಗಳಲ್ಲಿ ಕೋಟೆಗಳು ಎರಡು, ಕೆಳಗೆ 11ನೇ ಶತಮಾನದ ಅಲ್ಕಸಾಬಾ, ಗುಡ್ಡದ ತುದೀಲಿ ಹಿಬ್ರಾಲ್ಫಾರೊ. ಎರಡರ ನಡುವೆ ಗೋಡೆ ಇದೆ ಆದ್ರೆ ಒಳಗಿಂದ ದಾರಿ ಇಲ್ಲ, ಒಂದರಿಂದ ಹೊರಗೆ ಬಂದೇ ಇನ್ನೊಂದಕ್ಕೆ ಹತ್ತಬೇಕು. 35ನೇ ನಂಬರ್ ಬಸ್ಸಲ್ಲಿ ಮೇಲೆ ಹೋಗಿ ನಡ್ಕೊಂಡು ಇಳೀರಿ, ಹತ್ತೋಕೆ ಹೋಗ್ಬೇಡಿ, ಇಳಿಯೋವಾಗ್ಲೂ ಕಲ್ಲು ಜಾರುತ್ತೆ, ಚಪ್ಪಲಿ ಬೇಡ ಶೂ ಇರ್ಲಿ. ಅಲ್ಕಸಾಬಾ ಬುಡದಲ್ಲೇ ರೋಮನ್ನರ ಥಿಯೇಟರ್, 1951ರವರೆಗೂ ಮಣ್ಣಡಿ ಇತ್ತಂತೆ. ಪಿಕಾಸೊ 1881ರಲ್ಲಿ ಹುಟ್ಟಿದ ಮನೆ, ಅವನ ಮ್ಯೂಸಿಯಂ ಎರಡೂ ನಡೆಯೋ ದೂರ, ಮ್ಯೂಸಿಯಂಗೆ ಭಾನುವಾರ ಕೊನೇ ಎರಡು ಗಂಟೆ ಫ್ರೀ, ಕ್ಯೂ ಉದ್ದ ಇರುತ್ತೆ. ಕ್ಯಾಥೆಡ್ರಲ್‌ಗೆ ಒಂದೇ ಗೋಪುರ, ಇನ್ನೊಂದು ಅರ್ಧಕ್ಕೇ ನಿಂತಿದೆ, ಅದಕ್ಕೆ ಜನ ಅದನ್ನ ಒಂಟಿಗೈಯವಳು ಅಂತ ಕರೀತಾರೆ.

ಸಮುದ್ರದ ಬಗ್ಗೆ ಸತ್ಯ ಹೇಳ್ಬೇಕು, ಮರಳು ಬೂದುಬಣ್ಣ, ನೀರು ಕೊರೆಯೋ ತಣ್ಣಗೆ. ಜಿಬ್ರಾಲ್ಟರ್ ಜಲಸಂಧಿ ಹತ್ತಿರ ಇರೋದ್ರಿಂದ ಅಟ್ಲಾಂಟಿಕ್ ನೀರು ಒಳಗೆ ಬರುತ್ತೆ. ಮಲ್ಪೆ ನೀರಿನ ಲೆಕ್ಕದಲ್ಲಿ ಧುಮುಕಿದ ನಾನು ಕೂಗಿದ್ದು ಪಕ್ಕದ ಛತ್ರಿಯವರಿಗೂ ಕೇಳಿಸ್ತು. 'ತೆರ್ರಾಲ್' ಅಂತ ಒಣಗಾಳಿ ಬೀಸೋ ದಿನ ಊರು ಒಲೆ ಥರ ಕಾಯುತ್ತೆ, ನೀರು ಇನ್ನೂ ತಣ್ಣಗಾಗುತ್ತೆ, ಅವತ್ತು ಮ್ಯೂಸಿಯಂ ಇಟ್ಕೊಳ್ಳಿ.

ಬೇಸಿಗೆ ಸಂಜೆ ಬಿಳಿ ಅಂಗಿ ಹಾಕಿದ ಗಂಡಸರು ಎಡಗೈಲಿ ಪಾಪಾಸುಕಳ್ಳಿ ಎಲೆ ಹಿಡ್ಕೊಂಡು ಅದಕ್ಕೆ ಬಿಳಿ ಚೆಂಡುಗಳನ್ನ ಚುಚ್ಕೊಂಡು ಬರ್ತಾರೆ. ಹತ್ತಿರ ಬಂದಾಗ್ಲೇ ವಾಸನೆ ಹೊಡೀತು, ಮಲ್ಲಿಗೆ! ಒಣಗಿದ ಕಾಡುಗಿಡದ ಕಡ್ಡಿಗಳ ತುದಿಗೆ ಒಂದೊಂದೇ ಮೊಗ್ಗು ಸಿಗಿಸಿ ಚೆಂಡು ಮಾಡಿರ್ತಾರೆ, ಬಿಸ್ನಾಗಾ ಅಂತ ಹೆಸರು, ರಾತ್ರಿ ಆದ ಹಾಗೆ ಅರಳುತ್ತೆ. ನಮ್ಮ ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯನ್ನ ಅಟ್ಟೆ (ಕಟ್ಟಿದ ಹೂವಿನ ಅಳತೆ) ಲೆಕ್ಕದಲ್ಲಿ ನೋಡಿ ಬೆಳೆದ ನಾನು ಒಂದು ಚೆಂಡಿಗೆ ಯೂರೋ ಕೊಟ್ಟು ರೂಮಲ್ಲಿ ನೀರಿನ ಲೋಟದಲ್ಲಿಟ್ಟೆ, ಡಾರ್ಮಿಟರಿಯ ಮೇಲಿನ ಬಂಕಿನ ಜರ್ಮನ್ ಹುಡುಗಿ ಏನದು ಅಂತ ಮೂರು ಸಲ ಕೇಳಿದ್ಲು.

ವಾಪಸ್ ಬರೋವಾಗ ಅರ್ಧ ಲೀಟರ್ ಮಿಯೆಲ್ ದೆ ಕಾನ್ಯಾ ಬಾಟ್ಲಿ ಅಮ್ಮಂಗೆ ಅಂತ ಕೈಚೀಲದಲ್ಲಿ ಇಟ್ಟಿದ್ದೆ, 100 ಎಂಎಲ್ ಮೇಲಿನ ದ್ರವ ಬಿಡಲ್ಲ ಅನ್ನೋದು ಗೊತ್ತಿದ್ದೂ, ಬೆಲ್ಲ ಯಾವಾಗ ದ್ರವ ಆಯ್ತು ಅನ್ನೋ ಧೈರ್ಯ. ಸೆಕ್ಯೂರಿಟೀಲಿ ತೆಗೆದು ಪಕ್ಕಕ್ಕಿಟ್ರು. ನೀವು ತಗೊಂಡ್ರೆ ಚೆಕ್‌ಇನ್ ಬ್ಯಾಗಲ್ಲಿ, ಎರಡು ಪ್ಲಾಸ್ಟಿಕ್ ಕವರ್ ಸುತ್ತಿ ಹಾಕಿ.