ಕಾಯರ್‌ನ ಹಳಬರಿಂದ: ರೈನ್‌ಬರ್ಗರ್‌ನ ‘ಆಬೆಂಟ್‌ಲೀಟ್’ ಕುರಿತು

ಕಾಲೇಜಿನ ಕಾಯರ್‌ನಲ್ಲಿ ಹಾಡಿ ಹೋದವರಿಗೆ ಸಂಗೀತ ರಚನಕಾರ ಯೋಸೆಫ್ ರೈನ್‌ಬರ್ಗರ್ ಎಂದರೆ ಮೊದಲು ನೆನಪಾಗುವುದು ‘ಆಬೆಂಟ್‌ಲೀಟ್’, ಅಂದರೆ ಸಂಜೆಯ ಹಾಡು. ಮೂರು ನಿಮಿಷದ ಹಾಡು, ಪಕ್ಕವಾದ್ಯವಿಲ್ಲ, ಸಾಹಿತ್ಯ ಒಂದೇ ವಾಕ್ಯ. ಸುಲಭವೆಂದು ಎತ್ತಿಕೊಂಡ ತಂಡ ಅರ್ಧಕ್ಕೆ ಬರುವಷ್ಟರಲ್ಲಿ ಶ್ರುತಿ ಇಳಿಸಿಕೊಂಡಿರುತ್ತದೆ.

1839ರಲ್ಲಿ ಲಿಕ್ಟನ್‌ಸ್ಟೈನ್‌ನ ಫಡೂತ್ಸ್‌ನಲ್ಲಿ ಹುಟ್ಟಿದ ರೈನ್‌ಬರ್ಗರ್, ಇದರ ಮೊದಲ ರೂಪ ಬರೆದಾಗ 16 ತುಂಬಿರಲಿಲ್ಲ. ತಿದ್ದಿದ ರೂಪ 1873ರಲ್ಲಿ ಓಪಸ್ (ಕೃತಿಸಂಖ್ಯೆ) 69ರ ಮೂರನೆಯ ಗೀತೆಯಾಗಿ ಅಚ್ಚಾಯಿತು. ಹೊತ್ತು ಮುಳುಗುತ್ತಿದೆ, ನಮ್ಮೊಡನೆ ಉಳಿ ಎಂದು ಎಮ್ಮಾವು ಊರಿನ ದಾರಿಯಲ್ಲಿ ಶಿಷ್ಯರು ಯೇಸುವನ್ನು ಕೇಳಿಕೊಳ್ಳುವ, ಬೈಬಲ್‌ನ ಲೂಕನ ಸುವಾರ್ತೆಯ ಮಾತೇ ಸಾಹಿತ್ಯ.

ಧ್ವನಿಗಳು ಆರು: ಎರಡು ಸೊಪ್ರಾನೊ (ಹೆಣ್ಣಿನ ಎತ್ತರದ ಕಂಠ), ಆಲ್ಟೊ (ಹೆಣ್ಣಿನ ತಗ್ಗುಕಂಠ), ಎರಡು ಟೆನರ್ (ಗಂಡಿನ ಎತ್ತರದ ಕಂಠ), ಬಾಸ್ (ಗಂಡಿನ ತಗ್ಗುಕಂಠ). ಗಟ್ಟಿ ಕಂಠದವರೆಲ್ಲ ಮೊದಲ ಸೊಪ್ರಾನೊಗೆ ಹೋದರೆ ಕೆಲಸ ಕೆಟ್ಟಿತು. ಎರಡೂ ಸೊಪ್ರಾನೊ ಸಾಲುಗಳು ಒಂದೇ ಎತ್ತರದಲ್ಲಿ ಹೆಣೆದುಕೊಳ್ಳುತ್ತವೆ, ಸಮನಾಗಿಯೇ ಹಂಚಬೇಕು. ಟೆನರ್ ಕೊರತೆ ನಮ್ಮಲ್ಲಿ ಹಳೆಯ ಕಥೆ. ತಗ್ಗುಕಂಠದ ಇಬ್ಬರು ಆಲ್ಟೊಗಳನ್ನು ಮೊದಲ ಟೆನರ್‌ಗೆ ಸೇರಿಸಿದರೆ ನಡೆಯುತ್ತದೆ. ಎರಡನೆಯದಕ್ಕೆ ಸೇರಿಸಬೇಡಿ, ಅದು ಅವರಿಗೆ ತೀರಾ ಕೆಳಗೆ.

ಶ್ರುತಿ ಇಳಿಯುವುದು ಎಲ್ಲಿ? ಇಳಿಯುವ ಸಾಲುಗಳಲ್ಲಿ, ಒಂದೇ ಸ್ವರ ಮರುಕಳಿಸುವಲ್ಲಿ, ಮೇಜರ್ ಕಾರ್ಡ್‌ನ (ಸ-ಗ-ಪ ಒಟ್ಟಿಗೆ ನುಡಿಯುವ ಗುಂಪಿನ) ಗಾಂಧಾರ ಯಾರ ಪಾಲಿಗೆ ಬಂದಿದೆಯೋ ಅವರು ಸಡಿಲಬಿಟ್ಟಲ್ಲಿ. ಕೀಬೋರ್ಡ್ ಆಸರೆ ಉದ್ದಕ್ಕೂ ಇದ್ದರೆ ಕಿವಿ ಸೋಮಾರಿಯಾಗುತ್ತದೆ. ನಿಲುಗಡೆಗಳಲ್ಲಿ ಮಾತ್ರ ಒತ್ತಿ ನೋಡಿ. ಹಾಡಿನ ಮೂಲ ಶ್ರುತಿ ಎಫ್ ಮೇಜರ್‌ನಿಂದ ಅರ್ಧ ಸ್ವರ ಮೇಲಿಟ್ಟು ಅಭ್ಯಾಸ ಮಾಡಿಸುವುದು ಒಳ್ಳೆಯ ಮದ್ದು. ಕರ್ನಾಟಕ ಸಂಗೀತ ಕಲಿತವರಿಗೆ ಇನ್ನೊಂದು ತೊಡಕು: ಸ್ವರಕ್ಕೆ ಜಾರಿಕೊಂಡು ಹತ್ತುವ ಅಭ್ಯಾಸ. ಒಬ್ಬರೇ ಹಾಡುವಾಗ ಅದು ಸೊಗಸು, ಆರು ಸಾಲು ಒಟ್ಟಿಗೆ ಜಾರಿದರೆ ಕೆಸರು.

ಜರ್ಮನ್ ಉಚ್ಚಾರಕ್ಕೆ ಅರ್ಧ ಗಂಟೆ ಸಾಕು. ‘ಬ್ಲೈಪ್ ಬೈ ಉನ್ಸ್’ (ನಮ್ಮೊಡನೆ ಉಳಿ): ‘ಬ್ಲೈಪ್’ನ ಕೊನೆಯ ಬಕಾರ ಪಕಾರವಾಗುತ್ತದೆ, ‘ಟಾಕ್’ (ಹಗಲು) ಪದದಲ್ಲಿ ಗಕಾರ ಕಕಾರವಾಗುತ್ತದೆ. ‘ಬ್ಲೈಪ್’ನಲ್ಲಿ ‘ಆ’ ಮೇಲೆ ನಿಂತು, ‘ಇ’ಯನ್ನು ಕೊನೇ ಕ್ಷಣದಲ್ಲಿ ಮುಟ್ಟಿಸಬೇಕು, ಮೊದಲೇ ಮುಟ್ಟಿದರೆ ಧ್ವನಿ ಮೂಗಿಗೇರುತ್ತದೆ. ಉಸಿರನ್ನು ಒಟ್ಟಿಗೆ ತೆಗೆದುಕೊಳ್ಳಬೇಡಿ, ಪಕ್ಕದವರು ಮುಗಿಸಿದ ಮೇಲೆ ಸರದಿಯಂತೆ.

ಇಂಥ ಸಂಗೀತಗಾರ ಮರೆಯಾದದ್ದೇಕೆ? ಹದಿನಾರನೆಯ ಶತಮಾನದ ಪಾಲೆಸ್ಟ್ರೀನಾನ ಹಳೆಯ ಶೈಲಿಗೆ ಮರಳಬೇಕೆಂದ ಸಿಸಿಲಿಯನ್ ಚಳವಳಿಯವರಿಗೆ ಇವನ ಚರ್ಚ್ ಸಂಗೀತ ಲೌಕಿಕವೆನಿಸಿತು, ಹೊಸ ಮಾದರಿಯ ಒಪೆರಾ ಬರೆದ ವಾಗ್ನರ್‌ನನ್ನು ಮೆಚ್ಚಿದವರಿಗೆ ಹಳೆಯದೆನಿಸಿತು. ರಚನಕಾರ ಹಂಪರ್‌ಡಿಂಕ್, ವಾದ್ಯಮೇಳದ ನಿರ್ದೇಶಕ ಫುರ್ಟ್‌ವೆಂಗ್ಲರ್‌ರಂಥ ಶಿಷ್ಯರ ಹೆಸರೇ ಗುರುವಿನದಕ್ಕಿಂತ ಹೆಚ್ಚು ಓಡಾಡಿತು. 1878ರಲ್ಲಿ ಒಟ್ಟು ಎಂಟು ಧ್ವನಿಗಳ ಎರಡು ಮೇಳಗಳಿಗೆ ಬರೆದು ಪೋಪ್ 13ನೆಯ ಲಿಯೋಗೆ ಅರ್ಪಿಸಿದ ‘ಕಾಂಟುಸ್ ಮಿಸ್ಸೆ’ ಅವನ ಅತ್ಯುತ್ತಮ ಕೃತಿಯೆಂಬುದು ನಮ್ಮ ಖಚಿತ ಅಭಿಪ್ರಾಯ. ಕಾಲೇಜು ತಂಡಕ್ಕೆ ಅದು ದೂರದ ಮಾತು. ಹುಡುಗಿಯರೇ ಹೆಚ್ಚಿರುವ ವರ್ಷ, ಮಹಿಳೆಯರ ಮೂರು ಧ್ವನಿ ಮತ್ತು ಆರ್ಗನ್‌ಗೆ ಬರೆದ ಎ ಮೇಜರ್ ಮಾಸ್ (ಚರ್ಚ್ ಆರಾಧನೆಯ ಗೀತಗುಚ್ಛ) ಎತ್ತಿಕೊಳ್ಳಿ. ಅದರ ಮೊದಲ ಭಾಗ ಕೀರಿಯೆಯಿಂದ ಶುರುಮಾಡಿ, ಎರಡನೆಯ ಭಾಗ ಗ್ಲೋರಿಯಾವನ್ನು ಎರಡನೇ ಸೆಮಿಸ್ಟರ್‌ಗೆ ಬಿಡಿ.