ಒಂದೇ ಮಣ್ಣು, ಎರಡು ಮುಖ

ಶಿರಸಿಯಿಂದ ಅಕ್ಕ ಬಂದಿದ್ದಾಳೆ. ಮೊನ್ನೆ ಸಂಜೆ ಟ್ಯಾಗೋರ್ ಬೀಚಿನಲ್ಲಿ ಸುತ್ತಾಡಿ ಬಂದು, ಇಬ್ಬರೂ ನನ್ನ ಮುಲ್ತಾನಿ ಮಿಟ್ಟಿ ಹಚ್ಚಿಕೊಂಡು ಕೂತೆವು. ನನಗೆ ಹಾಯೆನಿಸಿತು. ಅವಳ ಕೆನ್ನೆ ಮಾತ್ರ ಬಿಗಿದು ಕೆಂಪಾಗಿ ರಾತ್ರಿಯಿಡೀ ಉರಿಯಿತು. ತುಂಬಾ ಬೇಜಾರಾಯಿತು.

ಕಾರವಾರದ ಸೆಕೆಗೆ ನನ್ನ ಮುಖ ಮಧ್ಯಾಹ್ನಕ್ಕೇ ಎಣ್ಣೆ ಎಣ್ಣೆ. ಮಣ್ಣು ಆ ಜಿಡ್ಡನ್ನು ಹೀರುತ್ತದೆ, ವಾರಕ್ಕೆ ಒಂದೆರಡು ಸಲ ಸಾಕು. ಅಕ್ಕನದು ಒಣ ಚರ್ಮ. ಇದ್ದ ಚೂರು ಎಣ್ಣೆಯನ್ನೂ ಹೀರಿಬಿಟ್ಟರೆ ಉರಿಯದೇ ಇರುತ್ತದಾ? ಅವಳಿಗೆ ಬೇಕಾಗಿದ್ದುದು ಚರ್ಮದ ತೇವ ಹಿಡಿದಿಡುವ ಗ್ಲಿಸರಿನ್ ಅಥವಾ ಹೈಯಲುರೋನಿಕ್ ಆಸಿಡ್ ಇರುವ, ಕ್ರೀಮಿನಂಥ ಮಾಸ್ಕ್. ಹಣೆ, ಮೂಗು ಜಿಡ್ಡಾಗಿ ಕೆನ್ನೆ ಒಣಗಿರುವವರು ಮಣ್ಣನ್ನು ಜಿಡ್ಡಿರುವ ಕಡೆ ಮಾತ್ರ ಹಚ್ಚಿದರಾಯಿತು.

ಇನ್ನೊಂದು ತಪ್ಪನ್ನೂ ಮಾಡಿದ್ದೆವು. ಮಣ್ಣು ಪೂರ್ತಿ ಒಣಗಿ ಬಿರುಕು ಬಿಡುವವರೆಗೆ ಕಾದೆವು. 10 ನಿಮಿಷಕ್ಕೆ, ಸ್ವಲ್ಪ ಹಸಿ ಇರುವಾಗಲೇ ತೊಳೆದು ಮಾಯಿಶ್ಚರೈಸರ್ ಹಚ್ಚಬೇಕಿತ್ತು.

ನಿಂಬೆರಸ ಬೆರೆಸುವ ಅಭ್ಯಾಸ ನಮ್ಮ ಕಡೆ ಜಾಸ್ತಿ, ಅಲ್ವಾ? ದಯವಿಟ್ಟು ಬೇಡ. ಹುಳಿಯನ್ನು ಅಳೆಯುವ ಪಿಎಚ್ ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ; ಚರ್ಮದ ಪಿಎಚ್ ಸುಮಾರು 5, ನಿಂಬೆಯದು 2ರ ಆಸುಪಾಸು. ರಸ ಹತ್ತಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟು ಕಲೆಯಾಗಬಹುದು. ಕರಾವಳಿಯ ಬಿಸಿಲಂತೂ ಗೊತ್ತೇ ಇದೆ.

ಒಂದೇ ಮನೆಯಲ್ಲಿ, ಒಂದೇ ಸೋಪು ಹಚ್ಚಿ ಬೆಳೆದವರು ನಾವು. ನನಗೆ ಹಿತವಾದದ್ದು ಅವಳಿಗೂ ಹಿತ ಎಂದು ಕೇಳದೆಯೇ ನಂಬಿದ್ದೆ. ಬೇರೆ ವಿಷಯಗಳಲ್ಲೂ ಎಷ್ಟು ಸಲ ಹೀಗೆ ಮಾಡಿದ್ದೇನೋ.

ಇವತ್ತು ಉರಿ ಪೂರ್ತಿ ಇಳಿದಿದೆ. ಅವಳಿಗೇ ಅಂತ ಬೇರೆ ಮಾಸ್ಕ್ ತಂದಿದ್ದೇನೆ. ಈಗ ಮೊಣಕೈ ಒಳಗೆ ಚೂರು ಹಚ್ಚಿದ್ದೇವೆ. ನಾಳೆ ಸಂಜೆವರೆಗೆ ತುರಿಕೆ ಬಾರದಿದ್ದರೆ ಮುಖಕ್ಕೆ.