ಲಾಗರ್ ಸೆಟ್ಟಿಂಗ್ ಮುಟ್ಟಿ ಬೈಸಿಕೊಂಡಿದ್ದು

ಗಾಳಿ ವಿದ್ಯುತ್ ಕಂಪನಿಯೊಂದಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಗದಗ ಕಡೆಯ ಗುಡ್ಡವೊಂದರ ಮೇಲೆ 80 ಮೀಟರ್ ಕಂಬ. ತುದಿಯಲ್ಲಿ ಗಾಳಿಗೆ ತಿರುಗುವ ಬಟ್ಟಲುಗಳು. ಅಳತೆ ದಾಖಲಿಸುವ ಪೆಟ್ಟಿಗೆ, ಅಂದರೆ ಲಾಗರ್, ಪ್ರತಿ ಸೆಕೆಂಡ್ ಗಾಳಿಯ ವೇಗ ಓದಿ, 10 ನಿಮಿಷಕ್ಕೊಮ್ಮೆ ಸರಾಸರಿಯನ್ನೂ ಏರಿಳಿತವನ್ನೂ ಬರೆದಿಡುತ್ತದೆ. ವರ್ಷಕ್ಕೆ 52,560 ಸಾಲು. ನನ್ನ ಹಳೇ ಲ್ಯಾಪ್‌ಟಾಪ್ ಅಷ್ಟಕ್ಕೇ ಸುಸ್ತು. ಜಾಣತನ ಮಾಡಿ 10 ನಿಮಿಷವನ್ನು 1 ಗಂಟೆಗೆ ಬದಲಿಸಿಬಿಟ್ಟೆ. ಯಾರನ್ನೂ ಕೇಳಲಿಲ್ಲ.

ರಿಪೋರ್ಟ್ ನೋಡಿದ ಸೀನಿಯರ್ ಕೇಳಿದ್ದು ಒಂದೇ: "ಬೆಳಿಗ್ಗೆ ಹೊತ್ತು ಇಷ್ಟೊಂದು ಟರ್ಬ್ಯುಲೆನ್ಸ್ ಎಲ್ಲಿಂದ ಬಂತಪ್ಪಾ?" ಟರ್ಬ್ಯುಲೆನ್ಸ್ ಎಂದರೆ ಗಾಳಿಯ ಕಲಕಾಟ, ಸುಳಿಗಳಿಂದಾಗುವ ವೇಗದ ಏರಿಳಿತ.

ಆಮೇಲೆ ಹಾಳೆ ತೆಗೆದು ಲೆಕ್ಕ ಹಾಕಿಸಿದರು. ಗಾಳಿ ಸೆಕೆಂಡಿಗೆ 8 ಮೀಟರ್ ಬೀಸುತ್ತಿದೆ. ಒಂದು ಸುಳಿ ಬಟ್ಟಲನ್ನು ದಾಟಿ ಹೋಗಲು 10 ಸೆಕೆಂಡ್ ಆದರೆ ಅದರ ಅಳತೆ 80 ಮೀಟರ್. ಹೆಚ್ಚುಕಮ್ಮಿ ಗಾಳಿಯಂತ್ರದ ಫ್ಯಾನಿನ ರೆಕ್ಕೆ ಸುತ್ತುವಷ್ಟು ಅಗಲ. ಮೇಲಿನ ರೆಕ್ಕೆಗೆ ಒಂದು ಗಾಳಿ, ಕೆಳಗಿನದಕ್ಕೆ ಇನ್ನೊಂದು. ಗೇರ್‌ಬಾಕ್ಸ್ ಸವೆಯುವುದು ಇಂಥವುಗಳಿಂದ. ಒಂದು ನಿಮಿಷ ತಗೊಂಡರೆ ಸುಳಿ ಸುಮಾರು ಅರ್ಧ ಕಿಲೋಮೀಟರ್. ಹಗಲು ನೆಲ ಕಾದು ಎಬ್ಬಿಸುವ ಸುಳಿಗಳು ದೊಡ್ಡದೆಂದರೆ ಒಂದೆರಡು ಕಿಲೋಮೀಟರ್, ಆ ಕಲಕಾಟ ಏರುವ ಎತ್ತರವೇ ಅಷ್ಟು ತಾನೇ.

ಅದಾದ ಮೇಲೆ ದೊಡ್ಡ ಖಾಲಿ. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಅಳೆದ ಗಾಳಿಯ ಬಗ್ಗೆ ವಾನ್ ಡರ್ ಹೋವನ್ ಎಂಬವರು 1957ರಲ್ಲಿ ಪ್ರಕಟಿಸಿದ ಗ್ರಾಫನ್ನು ಸೀನಿಯರ್ ತೋರಿಸಿದರು. ಎಷ್ಟು ಹೊತ್ತಿನ ಏರಿಳಿತ ಎಷ್ಟು ಜೋರು ಎಂಬುದರ ಗ್ರಾಫ್ ಅದು. ಸುಮಾರು 1 ನಿಮಿಷದ ಹತ್ತಿರ ಒಂದು ದಿಬ್ಬ, 4 ದಿನದ ಹತ್ತಿರ ಇನ್ನೊಂದು. 4 ದಿನದ್ದು ಸಾವಿರಾರು ಕಿಲೋಮೀಟರ್ ಹರಡಿಕೊಂಡು ಸಾಗುವ ವಾಯುಭಾರ ಕುಸಿತಗಳದ್ದು. ಅವೂ ಸುಳಿಗಳೇ, ಸುಮ್ನೆ ನಮ್ಮ ಕಣ್ಣಳತೆಗೆ ಸಿಗಲ್ಲ ಅಷ್ಟೇ. ನಡುವೆ, ಒಂದು ಗಂಟೆಯ ಆಸುಪಾಸಿನಲ್ಲಿ, ತಗ್ಗು.

10 ನಿಮಿಷ ಎಂದರೆ ಆ ತಗ್ಗಿನ ಈಚೆ ಅಂಚು. ಚಿಕ್ಕ ಸುಳಿಗಳೆಲ್ಲ ಬಹುಪಾಲು ಒಳಗೆ, ನಿಧಾನದ ಬದಲಾವಣೆ ಹೊರಗೆ. ನಾನು ಗಂಟೆಗೆ ಎಳೆದಿದ್ದೆ. ಬೆಳಿಗ್ಗೆ ಬಿಸಿಲೇರಿದಂತೆ ಗಾಳಿಯ ವೇಗ ಮೆಲ್ಲಗೆ ಬದಲಾಗುತ್ತದೆ, ಅಲ್ವಾ? ಅದನ್ನೂ ಸೇರಿಸಿ ಟರ್ಬ್ಯುಲೆನ್ಸ್ ಎಂದು ಬರೆದಿದ್ದೆ. ಅದೇ ಲೆಕ್ಕ ಮುಂದೆ ಹೋಗಿದ್ದರೆ ಆ ಗುಡ್ಡಕ್ಕೆ ಬೇಕಿಲ್ಲದ ಗಟ್ಟಿ ಮೆಷಿನ್, ಜಾಸ್ತಿ ದುಡ್ಡು.

"ಸರಿ ಸರ್, ವಾಪಸ್ 10 ನಿಮಿಷಕ್ಕೆ ಮಾಡಿಬಿಡ್ತೀನಿ" ಎಂದೆ. ಲಾಗರ್ ಸೆಕೆಂಡಿನ ಲೆಕ್ಕ ಇಟ್ಟುಕೊಳ್ಳುವುದಿಲ್ಲ ಎಂಬುದು ಆಗ ಹೊಳೆಯಿತು. ಹೋದದ್ದು ಹೋಯಿತು. ಆ ವರ್ಷದ ಫೈಲಿನಲ್ಲಿ 19 ದಿನ ಈಗಲೂ ಖಾಲಿ. ಪಕ್ಕದಲ್ಲಿ ಕಾರಣ ಬರೆಯುವ ಜಾಗದಲ್ಲಿ ನನ್ನ ಹೆಸರೇ ಇದೆ.